ಕಪ್ಪು-ಬಿಳುಪು ಚಿತ್ರಗಳ ಹಲ್ಲುಹಲ್ಲಾದ ಅಂಚನ್ನು ನಯ ಮಾಡುವುದು

ಒಂದು ಬಿಟ್‌ನ ಚಿತ್ರದಲ್ಲಿ ಪ್ರತಿ ಪಿಕ್ಸೆಲ್ಲೂ ಕಪ್ಪು, ಇಲ್ಲವೇ ಬಿಳಿ. ಅಡ್ಡಗೆರೆಗೂ ನೆಟ್ಟಗೆರೆಗೂ ಅಷ್ಟು ಸಾಕು. ಗೆರೆ ಓರೆಯಾದಾಗ ಅಥವಾ ಬಾಗಿದಾಗ ಅಂಚು ಕೆಲವು ಪಿಕ್ಸೆಲ್‌ಗಳ ಅರ್ಧವನ್ನೋ ಕಾಲುಭಾಗವನ್ನೋ ಮಾತ್ರ ಮುಚ್ಚುತ್ತದೆ. ಅದನ್ನು ತೋರಿಸಲು ಬೂದು ಬಣ್ಣವಿಲ್ಲದ್ದರಿಂದ ಗರಗಸದ ಹಲ್ಲಿನಂತೆ ಮೆಟ್ಟಿಲು ಮೂಡುತ್ತದೆ.

ಮೂಲ ಹಾಳೆ ಕೈಯಲ್ಲಿದ್ದರೆ ಮತ್ತೊಮ್ಮೆ ಸ್ಕ್ಯಾನ್ ಮಾಡಿ. ಸ್ಕ್ಯಾನರ್‌ನಲ್ಲಿ ‘ಬ್ಲ್ಯಾಕ್ ಅಂಡ್ ವೈಟ್’ ಬಿಟ್ಟು ಗ್ರೇಸ್ಕೇಲ್ (ಬೂದು ಛಾಯೆಗಳೂ ಇರುವ ಬಗೆ) ಆರಿಸಿ, 600 ಡಿಪಿಐ (ಒಂದು ಇಂಚಿಗೆ 600 ಚುಕ್ಕೆ) ಇಡಿ. ಕೆಳಗೆ ಹೇಳಿರುವ ಯಾವ ಉಪಾಯವೂ ಇದಕ್ಕೆ ಸಮವಲ್ಲ, ಏಕೆಂದರೆ ಒಂದು ಬಿಟ್‌ಗೆ ಇಳಿಸುವಾಗ ಕಳೆದುಹೋದ ವಿವರವನ್ನು ಯಾವ ಫಿಲ್ಟರೂ ಮರಳಿ ತರಲಾರದು. ಅದು ಊಹಿಸಿ ತುಂಬುತ್ತದೆ, ಅಷ್ಟೇ.

ಹಾಳೆ ಇಲ್ಲ, ಫೈಲ್ ಮಾತ್ರ ಇದೆ ಎನ್ನುವಾಗ ಕೆಲಸದ ಕ್ರಮ ಹೀಗೆ: ಗ್ರೇಸ್ಕೇಲ್‌ಗೆ ಬದಲಿಸುವುದು, ನಾಲ್ಕು ಪಟ್ಟು ಹಿಗ್ಗಿಸುವುದು, ಮಸುಕು ಮಾಡುವುದು, ಅಂಚನ್ನು ಮತ್ತೆ ಬಿಗಿ ಮಾಡುವುದು, ಕೊನೆಗೆ ಬೇಕಾದ ಅಳತೆಗೆ ಇಳಿಸುವುದು. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ. ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ಇಮೇಜ್ ಮೆನುವಿನ ಮೋಡ್‌ಗೆ ಹೋಗಿ ಮೊದಲು ಗ್ರೇಸ್ಕೇಲ್ ಮಾಡಿಕೊಳ್ಳದಿದ್ದರೆ, ಇಂಡೆಕ್ಸ್ಡ್ (ನಿಗದಿತ ಬಣ್ಣಗಳ ಪಟ್ಟಿಯಷ್ಟೇ ಇರುವ) ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಮೆಟ್ಟಿಲುಗಳೇ ದೊಡ್ಡದಾಗುತ್ತವೆ. ಬೂದು ಬಣ್ಣ ಇಡಲು ಆ ಫೈಲಿನಲ್ಲಿ ಜಾಗವೇ ಇರುವುದಿಲ್ಲ.

ಅಗಲ, ಎತ್ತರ ಎರಡನ್ನೂ 400 ಪ್ರತಿಶತಕ್ಕೆ ಏರಿಸಿ, ಇಂಟರ್‌ಪೊಲೇಶನ್ (ಹೊಸ ಪಿಕ್ಸೆಲ್‌ಗಳ ಬಣ್ಣ ಲೆಕ್ಕ ಹಾಕುವ ಬಗೆ) ಕ್ಯೂಬಿಕ್ ಇರಲಿ. ಪುಟ ವಾಲಿದ್ದರೆ ಅದನ್ನು ನೇರ ಮಾಡುವ ಹೊತ್ತೂ ಇದೇ. ಒಂದು ಬಿಟ್‌ನಲ್ಲೇ ತಿರುಗಿಸಿದರೆ ನೆಟ್ಟಗಿದ್ದ ಗೆರೆಗಳಿಗೂ ಹೊಸ ಹಲ್ಲು ಬರುತ್ತದೆ.

ಇನ್ನು ಮಸುಕು ಮಾಡುವ ಗಾಸಿಯನ್ ಬ್ಲರ್. ಇಡೀ ಕೆಲಸದ ಗುಣ ಇಲ್ಲಿ ಕೊಡುವ ಒಂದು ಸಂಖ್ಯೆಯ ಮೇಲೆ ನಿಂತಿದೆ, ಆದ್ದರಿಂದ ಲೆಕ್ಕ ತಿಳಿದಿರಲಿ. ಬ್ಲರ್‌ನ ಅಳತೆ ಎಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ (ಮಸುಕು ಎಷ್ಟು ಅಗಲ ಹರಡುತ್ತದೆ ಎಂಬ ಲೆಕ್ಕ), ಗಿಂಪ್ 2.10ರಲ್ಲಿ ಸೈಜ್ ಎಕ್ಸ್, ಸೈಜ್ ವೈ ಎಂಬ ಖಾನೆಗಳಲ್ಲಿ ಬರೆಯುವುದು ಇದನ್ನೇ. ಮಸುಕಾದ ಗೆರೆಯನ್ನು ನಡುಮಟ್ಟದಲ್ಲಿ ಕತ್ತರಿಸಿದಾಗ (ಅಂದರೆ ಕಪ್ಪು-ಬಿಳುಪಿನ ನಡುವಿನ ಬೂದಿಗಿಂತ ಗಾಢವಾದದ್ದನ್ನು ಕಪ್ಪು, ತಿಳಿಯಾದದ್ದನ್ನು ಬಿಳಿ ಮಾಡಿದಾಗ), ಈ ಅಳತೆಯ ಸುಮಾರು 1.35 ಪಟ್ಟಿಗಿಂತ ತೆಳುವಾದ ಗೆರೆ ಪೂರ್ತಿ ಮಾಯವಾಗುತ್ತದೆ. ಮೂಲದಲ್ಲಿ ಒಂದು ಪಿಕ್ಸೆಲ್ ದಪ್ಪವಿದ್ದ ಅಡ್ಡಗೆರೆ ಹಿಗ್ಗಿಸಿದ ಮೇಲೆ 4 ಪಿಕ್ಸೆಲ್ ಆಗಿರುತ್ತದೆ, ಹಾಗಾಗಿ ಅದು 2.9ರವರೆಗಿನ ಬ್ಲರ್ ತಾಳಿಕೊಳ್ಳುತ್ತದೆ. ಆದರೆ ಮೂಲೆಯಿಂದ ಮೂಲೆಗೆ ಪಿಕ್ಸೆಲ್ ಜೋಡಿಸಿದ ಓರೆಗೆರೆಯ ನಿಜವಾದ ಸರಾಸರಿ ದಪ್ಪ 2.8 ಮಾತ್ರ. ಅಳತೆ 2 ಇಟ್ಟರೆ ಅದು ಅಳಿವಿನ ಅಂಚಿಗೆ ಬಂದು ಅಲ್ಲಲ್ಲಿ ತುಂಡಾಗುತ್ತದೆ. ಎರಡು ಪಿಕ್ಸೆಲ್ ಅಥವಾ ಅದಕ್ಕಿಂತ ದಪ್ಪ ಗೆರೆಗಳಿರುವ ಚಿತ್ರಕ್ಕೆ 2, ಕೂದಲೆಳೆಯಂಥ ಓರೆಗೆರೆಗಳಿದ್ದರೆ 1.5. ಇದಕ್ಕಿಂತ ಕಡಿಮೆ ಮಾಡಿದರೆ ಹಲ್ಲು ಉಳಿಯುತ್ತದೆ; ಹೆಚ್ಚಿಸಿದರೆ ಮೂಲೆಗಳು ಉರುಟಾಗಿ, ಅಕ್ಷರಗಳ ಒಳಗಿನ ಸಣ್ಣ ಬಿಳಿ ಕಿಂಡಿಗಳು ಮುಚ್ಚಿಹೋಗುತ್ತವೆ. ಚೌಕಟ್ಟು, ಕೋಷ್ಟಕಗಳ ಚೂಪು ಮೂಲೆಗಳು ಹಾಗೆಯೇ ಇರಬೇಕೆಂದರೆ ಆ ಭಾಗವನ್ನು ಆಯ್ಕೆಯಿಂದ ಹೊರಗಿಟ್ಟು ಬ್ಲರ್ ಹಾಕಿ.

ಈಗ ಚಿತ್ರ ಮಸುಕಾಗಿ ಕಾಣುತ್ತದೆ, ಗಾಬರಿ ಬೇಡ. ಕಲರ್ಸ್ ಮೆನುವಿನ ಲೆವೆಲ್ಸ್ ತೆರೆಯಿರಿ. ಬ್ಲರ್ 2 ಇದ್ದಾಗ ಅಂಚಿನ ನಡುವೆ ಪ್ರತಿ ಪಿಕ್ಸೆಲ್‌ಗೆ (ಕಪ್ಪು 0, ಬಿಳಿ 255 ಎಂಬ ಲೆಕ್ಕದಲ್ಲಿ) ಸುಮಾರು 51 ಮಟ್ಟದಷ್ಟು ಬದಲಾವಣೆ ಇರುತ್ತದೆ. ಆದ್ದರಿಂದ ಇನ್‌ಪುಟ್‌ನ ಕಪ್ಪು ತುದಿಯನ್ನು 102ಕ್ಕೆ, ಬಿಳಿ ತುದಿಯನ್ನು 153ಕ್ಕೆ ಎಳೆದರೆ ಒಂದೇ ಪಿಕ್ಸೆಲ್ ಅಗಲದ ಬೂದು ಅಂಚು ಉಳಿದು ಮಿಕ್ಕಿದ್ದೆಲ್ಲ ಅಚ್ಚ ಕಪ್ಪು, ಅಚ್ಚ ಬಿಳಿ ಆಗುತ್ತದೆ. ಗೆರೆ ಸೊರಗಿದ್ದರೆ ಎರಡೂ ತುದಿಗಳನ್ನು ಒಟ್ಟಿಗೆ ಬಲಕ್ಕೆ ಸರಿಸಿ, ಕಪ್ಪು ದಪ್ಪವಾಗುತ್ತದೆ. ಎಡಕ್ಕೆ ಸರಿಸಿದರೆ ತೆಳುವಾಗುತ್ತದೆ.

ಇಲ್ಲಿ ಅನೇಕರು ಎಡವುವ ಜಾಗವೊಂದಿದೆ. ಕೆಲವು ತಂತ್ರಾಂಶಗಳು ಬ್ಲರ್ ಅನ್ನು ಬೆಳಕಿನ ನಿಜ ಪ್ರಮಾಣದ ಮೇಲೆ ಲೆಕ್ಕ ಹಾಕುತ್ತವೆ, ಗಿಂಪ್ 2.10ರಿಂದ ಈಚೆಗೆ ಹಲವು ಫಿಲ್ಟರ್‌ಗಳು ಹೀಗೇ ಕೆಲಸ ಮಾಡುತ್ತವೆ. ಆಗ ಕಪ್ಪು-ಬಿಳುಪಿನ ನಡುಮಟ್ಟ 128 ಆಗಿರದೆ 188 ಆಗಿರುತ್ತದೆ. ಅದನ್ನು ಗಮನಿಸದೆ 128ರ ಸುತ್ತ ಕತ್ತರಿಸಿದರೆ ಕಪ್ಪು ಗೆರೆಗಳೆಲ್ಲ ಬಡಕಲಾಗುತ್ತವೆ, ತೆಳು ಗೆರೆಗಳು ಕಾಣೆಯಾಗುತ್ತವೆ. ಪರೀಕ್ಷೆ ಸುಲಭ: ಅರ್ಧ ಕಪ್ಪು, ಅರ್ಧ ಬಿಳಿ ತುಂಬಿದ ಚಿತ್ರಕ್ಕೆ 20ರ ಬ್ಲರ್ ಕೊಟ್ಟು, ಗಡಿಯ ಮೇಲಿನ ಬಣ್ಣದ ಮೌಲ್ಯ ಓದಿ. ಅದು 188ರ ಹತ್ತಿರ ಬಂದರೆ ಲೆವೆಲ್ಸ್‌ನಲ್ಲಿ 102, 153ರ ಬದಲು 170, 203 ಬಳಸಿ.

ಈ ವಿಧಾನಕ್ಕೆ ಮಣಿಯದ ಒಂದು ಹಲ್ಲೂ ಇದೆ. ಹತ್ತು ಪಿಕ್ಸೆಲ್‌ಗೆ ಒಂದೇ ಪಿಕ್ಸೆಲ್ ಏರುವ ಗೆರೆಯಲ್ಲಿ, ಹಿಗ್ಗಿಸಿದ ಮೇಲೆ ಒಂದೊಂದು ಮೆಟ್ಟಿಲೂ 40 ಪಿಕ್ಸೆಲ್ ಉದ್ದವಿರುತ್ತದೆ. ಅಳತೆ 2ರ ಬ್ಲರ್ ಅಷ್ಟು ದೂರ ತಲುಪದು. ಮೆಟ್ಟಿಲಿನ ಮೂಲೆಯಷ್ಟೇ ಮೆತ್ತಗಾಗಿ ಗೆರೆ ಅಲೆಅಲೆಯಾಗಿ ಉಳಿಯುತ್ತದೆ. ಇಂಥ ಗೆರೆಗಳು ಹೆಚ್ಚಿರುವ ನಕ್ಷೆ, ಲೋಗೋ, ಯಂತ್ರದ ರೇಖಾಚಿತ್ರಗಳಿಗೆ ವೆಕ್ಟರ್ ಟ್ರೇಸಿಂಗೇ (ಅಂಚನ್ನು ಪಿಕ್ಸೆಲ್ ಬದಲು ಗಣಿತದ ರೇಖೆಗಳಾಗಿ ಬರೆಯುವುದು) ಸರಿ. ಇಂಕ್‌ಸ್ಕೇಪ್ ಎಂಬ ವೆಕ್ಟರ್ ತಂತ್ರಾಂಶದ ಪಾತ್ ಮೆನುವಿನಲ್ಲಿ ಟ್ರೇಸ್ ಬಿಟ್‌ಮ್ಯಾಪ್ ಇದೆ, ಅದರ ಒಳಗೆ ದುಡಿಯುವುದು ಪೊಟ್ರೇಸ್. ಅದು ಇಡೀ ಅಂಚನ್ನು ನೋಡಿ ನೇರಗೆರೆ ಎಲ್ಲಿ, ತಿರುವು ಎಲ್ಲಿ ಎಂದು ನಿರ್ಧರಿಸುತ್ತದೆ. ಅದರಲ್ಲಿ ಸ್ಮೂತ್ ಕಾರ್ನರ್ಸ್ 0 ಆದರೆ ಎಲ್ಲವೂ ಕೋನಗಳೇ, 1.34ರ ಹತ್ತಿರ ಎಲ್ಲ ಮೂಲೆಗಳೂ ಬಾಗುತ್ತವೆ. 1ರಿಂದ ಶುರುಮಾಡಿ, ಮೂಲೆಗಳು ಕರಗುತ್ತಿದ್ದರೆ ಇಳಿಸುತ್ತ ಬನ್ನಿ. ಕೈಬರಹಕ್ಕೆ ಮಾತ್ರ ಇದು ಅಷ್ಟಾಗಿ ಒಗ್ಗದು. ಲೇಖನಿಯ ಸಹಜ ನಡುಕವನ್ನೂ ಸವರಿಬಿಡುತ್ತದೆ.

ಚುಕ್ಕೆಚುಕ್ಕೆಯಾದ ಕಸ ತೆಗೆಯಲು ಮೂರು ಪಿಕ್ಸೆಲ್ ಚೌಕದ ಮೀಡಿಯನ್ ಫಿಲ್ಟರ್ (ಚೌಕದ ಒಂಬತ್ತು ಪಿಕ್ಸೆಲ್‌ಗಳ ನಡುವಿನ ಮೌಲ್ಯವನ್ನು ಆರಿಸುವುದು) ಬಳಸುವವರಿದ್ದಾರೆ. ಮೂಲ ಚಿತ್ರದ ಮೇಲೆ ಅದನ್ನು ಹಾಕಬೇಡಿ. ಒಂದು ಪಿಕ್ಸೆಲ್ ಗೆರೆ ಆ ಒಂಬತ್ತು ಪಿಕ್ಸೆಲ್‌ಗಳಲ್ಲಿ ಮೂರನ್ನಷ್ಟೇ ತುಂಬುವುದರಿಂದ ಕಸದ ಜೊತೆ ಗೆರೆಯೂ ಅಳಿಸಿಹೋಗುತ್ತದೆ. ಟ್ರೇಸಿಂಗ್‌ನ ಸ್ಪೆಕಲ್ಸ್ ಆಯ್ಕೆ ಚುಕ್ಕೆಯ ಒಟ್ಟು ಗಾತ್ರ ನೋಡಿ ತೆಗೆಯುತ್ತದೆ, ಹಾಗಾಗಿ ಗೆರೆಗಳಿಗೆ ಅಪಾಯವಿಲ್ಲ. ಚುಕ್ಕೆಗಳಿಂದಲೇ ನೆರಳು ಮೂಡಿಸಿದ ಚಿತ್ರವಾದರೆ ಇಲ್ಲಿನ ಯಾವ ಕ್ರಮವೂ ಬೇಡ. ಆ ಚುಕ್ಕೆಗಳೇ ಅಲ್ಲಿ ಬೂದು ಬಣ್ಣದ ಕೆಲಸ ಮಾಡುತ್ತಿರುತ್ತವೆ.

ಕೊನೆಯ ರೂಪ ಎಲ್ಲಿಗೆ ಹೋಗುತ್ತದೆ ಎಂಬುದರ ಮೇಲಿದೆ. ಪರದೆಗಾದರೆ ಬೂದು ಅಂಚನ್ನು ಉಳಿಸಿಕೊಂಡು ಬೇಕಾದ ಅಳತೆಗೆ ಇಳಿಸಿ, ಪಿಎನ್‌ಜಿಯಲ್ಲಿ ಉಳಿಸಿ. ಜೆಪೆಗ್ ಬೇಡ, ಚೂಪು ಅಂಚುಗಳ ಸುತ್ತ ಅದು ಮಸಿ ಎರಚಿದಂತೆ ಮಾಡುತ್ತದೆ. ಮುದ್ರಣಕ್ಕಾದರೆ ಇಳಿಸಲೇಬೇಡಿ: 300 ಪಿಪಿಐ (ಒಂದು ಇಂಚಿಗೆ 300 ಪಿಕ್ಸೆಲ್) ಚಿತ್ರ ಈಗ ಅದೇ ಅಳತೆಯಲ್ಲಿ 1200 ಪಿಪಿಐ ಆಗಿದೆ. ಲೆವೆಲ್ಸ್ ಬದಲು ನಡುಮಟ್ಟದಲ್ಲಿ ಕತ್ತರಿಸುವ ಥ್ರೆಶೋಲ್ಡ್ ಕೊಟ್ಟು ಮತ್ತೆ ಒಂದು ಬಿಟ್ ಮಾಡಿ, ಟಿಫ್ ಫೈಲಿಗೆ ಗ್ರೂಪ್ 4 ಕಂಪ್ರೆಶನ್ ಆರಿಸಿ. ಬೂದು ಅಂಚು ಇಟ್ಟೇ ಕಳಿಸಿದರೆ ಮುದ್ರಣದಲ್ಲಿ ಅದು ಹಾಫ್‌ಟೋನ್ (ಬೂದು ಬಣ್ಣ ತೋರಿಸಲು ಹಾಕುವ ಸಣ್ಣ) ಚುಕ್ಕೆಗಳಾಗಿ ಒಡೆದು, ಇಷ್ಟು ಹೊತ್ತು ನಯ ಮಾಡಿದ ಅಂಚು ಮತ್ತೆ ಒರಟಾಗುತ್ತದೆ.