ಜರ್ಮನಿಯಲ್ಲಿ ಕೆಲಸ ಸಿಕ್ಕಿದ ಮೇಲೆ: ಬ್ಲೂ ಕಾರ್ಡ್ ವೀಸಾಕ್ಕೆ ಅರ್ಜಿ ಹಾಕುವುದು ಹೇಗೆ?

ಭಾರತದ ಕುಶಲ ಉದ್ಯೋಗಿಗಳಿಗೆ ವರ್ಷಕ್ಕೆ ನೀಡುವ ವೀಸಾಗಳ ಸಂಖ್ಯೆಯನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನಿ 2024ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಇಂಥ ಸುದ್ದಿ ಬಂದಾಗಲೆಲ್ಲ ‘ವೀಸಾ ಗ್ಯಾರಂಟಿ’ ಎಂದು ಹೇಳಿಕೊಂಡು ಲಕ್ಷಗಟ್ಟಲೆ ಹಣ ಕೇಳುವವರೂ ಹುಟ್ಟಿಕೊಳ್ಳುತ್ತಾರೆ. ವೀಸಾ ಕೊಡುವುದೂ ಬಿಡುವುದೂ ದೂತಾವಾಸಕ್ಕೆ ಸೇರಿದ್ದು. ಅದಕ್ಕೆ ಹೊರಗಿನ ಯಾರೂ ಗ್ಯಾರಂಟಿ ಕೊಡಲಾರರು. ಅರ್ಜಿ ಸಲ್ಲಿಸುವ ದಿನಕ್ಕಿಂತ ಬಹಳ ಮೊದಲೇ ತಮ್ಮ ಕಾಗದಪತ್ರಗಳನ್ನೆಲ್ಲ ಒಂದೆಡೆ ಹರಡಿಕೊಂಡು, ಒಂದು ಪತ್ರ ಹೇಳಿದ್ದನ್ನೇ ಇನ್ನೊಂದೂ ಹೇಳುತ್ತಿದೆಯೇ ಎಂದು ಸ್ವತಃ ಪರಿಶೀಲಿಸುವವರಿಗೆ ಏಜೆಂಟರ ಅಗತ್ಯ ಬೀಳುವುದು ಅಪರೂಪ.

ಮೂರು ತಿಂಗಳಿಗಿಂತ ಹೆಚ್ಚು ಕಾಲ ಜರ್ಮನಿಯಲ್ಲಿ ನೆಲೆಸಲು ಬೇಕಾದದ್ದು ‘ಡಿ’ ವರ್ಗದ ರಾಷ್ಟ್ರೀಯ ವೀಸಾ. ಪ್ರವಾಸಿಗರ ಷೆಂಗೆನ್ ವೀಸಾದಲ್ಲಿ ಹೋಗಿ ಅಲ್ಲೇ ಅದನ್ನು ಉದ್ಯೋಗ ವೀಸಾ ಮಾಡಿಸಿಕೊಳ್ಳುತ್ತೇನೆ ಎಂಬ ಲೆಕ್ಕಾಚಾರ ಭಾರತೀಯರಿಗೆ ನಡೆಯುವುದಿಲ್ಲ. ಡಿ ವೀಸಾದಲ್ಲಿ ಹಲವು ಬಗೆಗಳಿವೆ. ಪದವೀಧರ ಉದ್ಯೋಗಿಗಳು ಹೆಚ್ಚಾಗಿ ಬಳಸುವ ಯುರೋಪಿಯನ್ ಒಕ್ಕೂಟದ ‘ಬ್ಲೂ ಕಾರ್ಡ್’ (ಅಲ್ಲಿ ವಾಸಿಸಿ ಕೆಲಸ ಮಾಡಲು ಕೊಡುವ ಪರವಾನಗಿ) ದಾರಿಯನ್ನು ಇಲ್ಲಿ ವಿವರಿಸಲಾಗಿದೆ. ವೈದ್ಯರು ಮತ್ತು ನರ್ಸ್‌ಗಳು ಅಲ್ಲಿ ವೃತ್ತಿ ನಡೆಸಲು ಮೊದಲು ಪರವಾನಗಿ ಪಡೆಯಬೇಕು, ಜರ್ಮನ್ ಭಾಷೆಯ ಪರೀಕ್ಷೆಯನ್ನೂ ಪಾಸು ಮಾಡಬೇಕು. ಅವರ ದಾರಿ ಇದಕ್ಕಿಂತ ದೀರ್ಘವಾದದ್ದು.

ಮೊದಲು ಪದವಿಯ ಮಾನ್ಯತೆ

ನಿಮ್ಮ ಪದವಿಯನ್ನು ಜರ್ಮನಿ ಒಪ್ಪುತ್ತದೆಯೇ ಎಂಬುದನ್ನು ಕೆಲಸ ಹುಡುಕುವ ಹಂತದಲ್ಲೇ ತಿಳಿದುಕೊಳ್ಳಬೇಕು. ಇದಕ್ಕಾಗಿ ‘ಅನಾಬಿನ್’ ಎಂಬ ಉಚಿತ ದತ್ತಾಂಶ ಕೋಶವಿದೆ. ಅದರಲ್ಲಿ ವಿಶ್ವವಿದ್ಯಾಲಯವನ್ನು ಒಮ್ಮೆ, ಪದವಿಯನ್ನು ಒಮ್ಮೆ, ಹೀಗೆ ಎರಡು ಸಲ ಹುಡುಕಬೇಕು. ವಿಶ್ವವಿದ್ಯಾಲಯದ ಮುಂದೆ ‘ಎಚ್ ಪ್ಲಸ್’, ಅಂದರೆ ಮಾನ್ಯತೆಯಿರುವ ಸಂಸ್ಥೆ, ಎಂದಿರಬೇಕು. ಪದವಿಯ ಮುಂದೆ ಅದು ಜರ್ಮನ್ ಪದವಿಗೆ ಸಮಾನ ಅಥವಾ ಅನುರೂಪ ಎಂಬ ನಮೂದು ಇರಬೇಕು. ನಮ್ಮಲ್ಲಿ ಅನೇಕರು ತಾವು ಓದಿದ ಎಂಜಿನಿಯರಿಂಗ್ ಕಾಲೇಜಿನ ಹೆಸರು ಹುಡುಕಿ, ಸಿಗಲಿಲ್ಲವೆಂದು ಗಾಬರಿಯಾಗುತ್ತಾರೆ. ಪ್ರಮಾಣಪತ್ರದ ಮೇಲೆ ಪದವಿ ಕೊಟ್ಟ ಸಂಸ್ಥೆ ಎಂದು ಯಾವುದರ ಹೆಸರಿದೆಯೋ, ಉದಾಹರಣೆಗೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಎಂದಿದ್ದರೆ, ಅದನ್ನೇ ಹುಡುಕಬೇಕು. ಎರಡೂ ಪುಟಗಳನ್ನು ಮುದ್ರಿಸಿಕೊಂಡು ಅರ್ಜಿಯ ಜೊತೆ ಇಡಬೇಕು.

ಎರಡರಲ್ಲಿ ಒಂದು ಸಿಗದಿದ್ದರೂ ದಾರಿ ಮುಚ್ಚಿಹೋಗುವುದಿಲ್ಲ. ವಿದೇಶಿ ಶಿಕ್ಷಣದ ಮೌಲ್ಯಮಾಪನಕ್ಕಾಗಿ ಬಾನ್ ನಗರದಲ್ಲಿರುವ ಜೆಡ್‌ಎಬಿ ಎಂಬ ಕೇಂದ್ರ ಕಚೇರಿಗೆ 208 ಯೂರೋ ಶುಲ್ಕ ಕಟ್ಟಿ ಅರ್ಜಿ ಹಾಕಿದರೆ, ಅದು ಪದವಿಯನ್ನು ಪರಿಶೀಲಿಸಿ ಹೋಲಿಕೆ ಪತ್ರ ನೀಡುತ್ತದೆ. ಇದಕ್ಕೆ ಸಮಯ ಹಿಡಿಯುವುದರಿಂದ ಕೆಲಸದ ಆದೇಶ ಬರುವವರೆಗೆ ಕಾಯದೆ ಮೊದಲೇ ಅರ್ಜಿ ಹಾಕುವುದು ಜಾಣತನ. ಪದವಿಯೇ ಇಲ್ಲದ ಐಟಿ ಉದ್ಯೋಗಿಗಳಿಗೂ ಬ್ಲೂ ಕಾರ್ಡ್‌ಗೆ ಅವಕಾಶವಿದೆ. ಅವರು ಹಿಂದಿನ ಏಳು ವರ್ಷಗಳಲ್ಲಿ ಕನಿಷ್ಠ ಮೂರು ವರ್ಷ ಪದವಿ ಮಟ್ಟದ ಐಟಿ ಕೆಲಸ ಮಾಡಿರುವುದನ್ನು ಅನುಭವ ಪತ್ರಗಳ ಮೂಲಕ ತೋರಿಸಬೇಕು.

ಕರಾರು ಪತ್ರವನ್ನು ಎರಡು ಸಲ ಓದಿ

ಬ್ಲೂ ಕಾರ್ಡ್‌ಗೆ ಕನಿಷ್ಠ ಸಂಬಳದ ಮಿತಿಯಿದ್ದು, ಅದು ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. 2025ರಲ್ಲಿ ವರ್ಷಕ್ಕೆ 48,300 ಯೂರೋ ಇದ್ದ ಮಿತಿ 2026ಕ್ಕೆ 50,700 ಯೂರೋ ಆಗಿದೆ. ಐಟಿ, ಎಂಜಿನಿಯರಿಂಗ್, ವೈದ್ಯಕೀಯದಂಥ ಜನರ ಕೊರತೆಯಿರುವ ಕ್ಷೇತ್ರಗಳವರಿಗೆ ಮತ್ತು ಪದವಿ ಮುಗಿಸಿ ಮೂರು ವರ್ಷ ದಾಟದವರಿಗೆ 2026ರ ಮಿತಿ 45,934.20 ಯೂರೋ. ಇದು ತೆರಿಗೆ ಕಡಿತಕ್ಕೆ ಮುಂಚಿನ ಒಟ್ಟು ಸಂಬಳ. ಖಚಿತವಾಗಿ ಸಿಗುವ ಮೊತ್ತವನ್ನು ಮಾತ್ರ ಇದಕ್ಕೆ ಲೆಕ್ಕ ಹಿಡಿಯುತ್ತಾರೆ. ಕೆಲಸದ ಗುಣಮಟ್ಟ ನೋಡಿ ಕೊಡುವ ಬೋನಸ್ ಇದರಲ್ಲಿ ಸೇರುವುದಿಲ್ಲ. ಹಾಗಾಗಿ 44,000 ಯೂರೋ ಸಂಬಳ, 4,000 ಯೂರೋವರೆಗೆ ಬೋನಸ್ ಎಂದು ಬರೆದ ಕರಾರು ನೋಡಲು ಈ ಕಡಿಮೆ ಮಿತಿಯನ್ನು ದಾಟಿದಂತೆ ಕಂಡರೂ ದಾಟಿರುವುದಿಲ್ಲ. ಡಿಸೆಂಬರ್ ಹೊತ್ತಿಗೆ ಕರಾರಿಗೆ ಸಹಿ ಹಾಕುವವರು ಮುಂದಿನ ವರ್ಷದ ಮಿತಿಯನ್ನೂ ನೋಡಿಕೊಂಡೇ ಸಂಬಳದ ಮಾತುಕತೆ ಮುಗಿಸಬೇಕು.

ಕೆಲಸದ ಅವಧಿ ಕನಿಷ್ಠ ಆರು ತಿಂಗಳಿರಬೇಕು ಮತ್ತು ಹುದ್ದೆ ನಿಮ್ಮ ವಿದ್ಯಾರ್ಹತೆಗೆ ತಕ್ಕದ್ದಾಗಿರಬೇಕು. ಈ ಎರಡನೆಯ ಅಂಶದಲ್ಲಿ ಎಡವುವವರು ಹೆಚ್ಚು. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವರನ್ನು ‘ಕನ್ಸಲ್ಟೆಂಟ್’ ಎಂಬ ಒಂದೇ ಪದದ ಹುದ್ದೆಗೆ ನೇಮಿಸಿದರೆ, ಅವರು ಅಲ್ಲಿ ಮಾಡುವ ಕೆಲಸವೇನು ಎಂಬುದು ಅಧಿಕಾರಿಗೆ ತಿಳಿಯುವುದಾದರೂ ಹೇಗೆ? ಕಂಪನಿ ತುಂಬಿ ಸಹಿ ಮಾಡಿಕೊಡಬೇಕಾದ ಉದ್ಯೋಗ ಘೋಷಣೆಯ ನಮೂನೆಯಲ್ಲಿ ದೈನಂದಿನ ಕೆಲಸವನ್ನು ವಿವರವಾಗಿ ಬರೆಯುವಂತೆ ಕೇಳಿಕೊಳ್ಳಲು ಸಂಕೋಚ ಬೇಡ. ಆ ನಮೂನೆಯ ಸಂಬಳ, ವಾರದ ಕೆಲಸದ ಗಂಟೆ ಮತ್ತು ಸೇರುವ ದಿನಾಂಕಗಳು ಕರಾರು ಪತ್ರದಲ್ಲಿರುವಂತೆಯೇ ಇರಬೇಕು.

ಬೇಗ ಹೋಗಬೇಕಾದವರಿಗೆ ತ್ವರಿತ ವಿಧಾನವೊಂದಿದೆ. ಕಂಪನಿಯು ತನ್ನ ಊರಿನ ವಿದೇಶಿಯರ ಕಚೇರಿಗೆ (ವಿದೇಶಿಯರ ವಾಸದ ಪರವಾನಗಿ ನೋಡಿಕೊಳ್ಳುವ ಸರ್ಕಾರಿ ಕಚೇರಿ) 411 ಯೂರೋ ಕಟ್ಟಿ ಪೂರ್ವಾನುಮತಿ ಪಡೆದರೆ, ದೂತಾವಾಸ ಮೂರು ವಾರಗಳೊಳಗೆ ಅಪಾಯಿಂಟ್‌ಮೆಂಟ್ ಕೊಡಬೇಕು. ಪೂರ್ಣ ಅರ್ಜಿ ಸಲ್ಲಿಕೆಯಾದ ಮೇಲೆ ಸಾಮಾನ್ಯವಾಗಿ ಮತ್ತೆ ಮೂರು ವಾರಗಳಲ್ಲಿ ತೀರ್ಮಾನ ತಿಳಿಸಬೇಕು. ಅರ್ಜಿದಾರರು ತಾವಾಗಿ ಇದನ್ನು ಕೋರುವಂತಿಲ್ಲ, ಕಂಪನಿಯೇ ಮುಂದಾಗಬೇಕು.

ಇನಿಷಿಯಲ್‌ನ ತೊಡಕು

ಕರ್ನಾಟಕದ ಅರ್ಜಿದಾರರಿಗೆ ವಿಶೇಷವಾಗಿ ಕಾಡುವುದು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಕೆ. ಎಸ್.’, ಪದವಿ ಪ್ರಮಾಣಪತ್ರದಲ್ಲಿ ‘ಕೆ. ಎಸ್. ಮಂಜುನಾಥ್’, ಪಾಸ್‌ಪೋರ್ಟ್‌ನಲ್ಲಿ ‘ಮಂಜುನಾಥ್ ಕೊಪ್ಪದ ಶ್ರೀನಿವಾಸ’ ಎಂದಿರುವುದು ನಮಗೆ ಸಹಜ. ಇನಿಷಿಯಲ್ ಪದ್ಧತಿಯೇ ಇಲ್ಲದ ದೇಶದ ಅಧಿಕಾರಿಗೆ ಇವರು ಮೂವರು ಬೇರೆ ಬೇರೆ ವ್ಯಕ್ತಿಗಳಂತೆ ಕಂಡರೆ ಅದು ಅವರ ತಪ್ಪಲ್ಲ. ಪಾಸ್‌ಪೋರ್ಟ್‌ನ ಉಪನಾಮದ ಜಾಗ ಖಾಲಿಯಿದ್ದರಂತೂ ಅಲ್ಲಿನ ಬ್ಯಾಂಕು, ವಿಮೆ, ಮನೆ ಕರಾರುಗಳಲ್ಲೆಲ್ಲ ಕಿರಿಕಿರಿ ತಪ್ಪುವುದಿಲ್ಲ. ಸಮಯವಿದ್ದವರು ಇನಿಷಿಯಲ್‌ಗಳನ್ನು ಬಿಡಿಸಿ ಬರೆಸಿ, ಉಪನಾಮದ ಜಾಗವನ್ನೂ ತುಂಬಿಸಿ ಪಾಸ್‌ಪೋರ್ಟ್‌ ಮರುವಿತರಣೆಗೆ ಅರ್ಜಿ ಹಾಕುವುದು ಒಳ್ಳೆಯದು. ಸಮಯವಿಲ್ಲದಿದ್ದರೆ, ಈ ಎಲ್ಲ ಹೆಸರುಗಳೂ ಒಬ್ಬರವೇ ಎಂದು ಛಾಪಾ ಕಾಗದದ ಮೇಲೆ ನೋಟರಿಯ ಮುಂದೆ ಅಫಿಡವಿಟ್ ಮಾಡಿಸಿ, ಯಾವ ಪತ್ರದಲ್ಲಿ ಯಾವ ರೂಪವಿದೆ ಎಂಬುದನ್ನು ಅದರಲ್ಲಿ ಕಾಣಿಸಬೇಕು.

ಪಾಸ್‌ಪೋರ್ಟ್ ಹತ್ತು ವರ್ಷಗಳೊಳಗೆ ಪಡೆದದ್ದಾಗಿರಬೇಕು. ಅದರಲ್ಲಿ ಕನಿಷ್ಠ ಎರಡು ಪುಟ ಖಾಲಿ ಇರಬೇಕು.

ಅರ್ಜಿ ಸಲ್ಲಿಕೆ

ಜರ್ಮನಿಯ ವಿದೇಶಾಂಗ ಇಲಾಖೆ 2025ರ ಜನವರಿಯಿಂದ ತನ್ನ ಎಲ್ಲ ವೀಸಾ ಕಚೇರಿಗಳಲ್ಲೂ ರಾಷ್ಟ್ರೀಯ ವೀಸಾಕ್ಕೆ ಆನ್‌ಲೈನ್ ಅರ್ಜಿಯ ವ್ಯವಸ್ಥೆ ಮಾಡಿದೆ. ಕಾನ್ಸುಲರ್ ಸೇವಾ ಪೋರ್ಟಲ್‌ನಲ್ಲಿ ಖಾತೆ ತೆರೆದು, ಪ್ರಶ್ನೆಗಳಿಗೆ ಉತ್ತರಿಸಿ, ಪತ್ರಗಳ ಸ್ಕ್ಯಾನ್ ಪ್ರತಿಗಳನ್ನು ಏರಿಸಬೇಕು. ಸ್ಕ್ಯಾನ್ ಮಾಡುವಾಗ ಅಂಕಪಟ್ಟಿಯ ಹಿಂಬದಿ ಮರೆಯದಿರಲಿ. ಕಡತ ಪೂರ್ಣವಾಗಿಲ್ಲದಿದ್ದರೆ ಕೊರತೆ ಏನೆಂಬುದು ಈ ಹಂತದಲ್ಲೇ ತಿಳಿಯುವುದರಿಂದ, ಹಳೆಯ ಪದ್ಧತಿಗಿಂತ ಇದು ಅರ್ಜಿದಾರರಿಗೆ ನಿಜಕ್ಕೂ ಅನುಕೂಲಕರ. ಅನಂತರ ಮೂಲ ಪತ್ರಗಳನ್ನು ತೋರಿಸಲು ಮತ್ತು ಬೆರಳಚ್ಚು ಕೊಡಲು ಖುದ್ದಾಗಿ ಹಾಜರಾಗಬೇಕು. ಕರ್ನಾಟಕ ಮತ್ತು ಕೇರಳದ ನಿವಾಸಿಗಳು ಬೆಂಗಳೂರಿನ ಜರ್ಮನ್ ದೂತಾವಾಸದ ವ್ಯಾಪ್ತಿಗೆ ಬರುತ್ತಾರೆ.

ವಯಸ್ಕರಿಗೆ ವೀಸಾ ಶುಲ್ಕ 75 ಯೂರೋ, ಅಪ್ರಾಪ್ತರಿಗೆ 37.50 ಯೂರೋ; ಅರ್ಜಿ ತಿರಸ್ಕೃತವಾದರೆ ಅದು ವಾಪಸು ಬರುವುದಿಲ್ಲ. ಜರ್ಮನಿಗೆ ಕಾಲಿಟ್ಟ ದಿನದಿಂದ ಕೆಲಸಕ್ಕೆ ಸೇರುವ ದಿನದವರೆಗೆ ಆರೋಗ್ಯ ವಿಮೆ ಇರಬೇಕು. ಕೆಲಸಕ್ಕೆ ಸೇರಿದ ಮೇಲೆ ಅಲ್ಲಿನ ಕಡ್ಡಾಯ ವಿಮೆ ಅದರ ಜಾಗಕ್ಕೆ ಬರುತ್ತದೆ.

ತಿರಸ್ಕೃತ ಅರ್ಜಿಯ ಮರುಪರಿಶೀಲನೆಗೆ ದೂತಾವಾಸಕ್ಕೇ ಮನವಿ ಸಲ್ಲಿಸುವ ಹಳೆಯ ಅವಕಾಶವನ್ನು 2025ರ ಜುಲೈ 1ರಿಂದ ರದ್ದುಪಡಿಸಲಾಗಿದೆ. ಈಗ ಉಳಿದಿರುವುದು ಹೊಸದಾಗಿ ಅರ್ಜಿ ಹಾಕುವುದು ಅಥವಾ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗುವುದು ಮಾತ್ರ. ಮೊದಲ ಅರ್ಜಿಯನ್ನೇ ಲೋಪವಿಲ್ಲದಂತೆ ಸಲ್ಲಿಸಬೇಕೆಂದು ಇಷ್ಟು ಒತ್ತಿ ಹೇಳುತ್ತಿರುವುದು ಇದೇ ಕಾರಣಕ್ಕೆ.

ಸಂಗಾತಿ ಮತ್ತು ಮಕ್ಕಳು

ಬ್ಲೂ ಕಾರ್ಡ್ ಪಡೆದವರ ಪತಿ ಅಥವಾ ಪತ್ನಿ ಹೊರಡುವ ಮುನ್ನ ಜರ್ಮನ್ ಪರೀಕ್ಷೆ ಪಾಸು ಮಾಡಬೇಕಿಲ್ಲ ಮತ್ತು ಅಲ್ಲಿ ಯಾವ ಕೆಲಸಕ್ಕಾದರೂ ಸೇರಬಹುದು. ಆದರೂ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲೋ ಬೇರೆಲ್ಲೋ ಆರಂಭಿಕ ಹಂತದ ಭಾಷೆಯನ್ನು ಕಲಿತು ಹೋದರೆ ಮೊದಲ ಕೆಲವು ತಿಂಗಳು ಹಗುರವಾಗುತ್ತವೆ. ಮದುವೆಗೆ ಪುರಾವೆಯಾಗಿ ಕಲ್ಯಾಣ ಮಂಟಪದ ರಶೀದಿ, ಲಗ್ನಪತ್ರಿಕೆ, ದೇವಸ್ಥಾನದ ಚೀಟಿ ಯಾವುದೂ ಸಾಲದು. ಉಪನೋಂದಣಾಧಿಕಾರಿಗಳ ಕಚೇರಿಯ ವಿವಾಹ ನೋಂದಣಿ ಪತ್ರವೇ ಬೇಕು. ಎಷ್ಟೋ ದಂಪತಿಗಳು ಮದುವೆಯಾಗಿ ವರ್ಷಗಳೇ ಕಳೆದಿದ್ದರೂ ನೋಂದಣಿ ಮಾಡಿಸಿರುವುದಿಲ್ಲ. ಅಂಥವರು ಪದವಿಯ ಮಾನ್ಯತೆ ನೋಡುವಾಗಲೇ ಈ ಕೆಲಸವನ್ನೂ ಮುಗಿಸಿಕೊಳ್ಳಬೇಕು. ಮಕ್ಕಳ ಜನನ ಪ್ರಮಾಣಪತ್ರದಲ್ಲಿ ತಂದೆ ತಾಯಿಯ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ತಿದ್ದುಪಡಿ ಮಾಡಿಸಬೇಕು.

ವೀಸಾ ಕೈಗೆ ಬಂದ ಮೇಲೆ

ಪಾಸ್‌ಪೋರ್ಟ್ ಮರಳಿದ ದಿನವೇ ವೀಸಾ ಚೀಟಿಯ ಹೆಸರು, ಪಾಸ್‌ಪೋರ್ಟ್ ಸಂಖ್ಯೆ, ದಿನಾಂಕ ಮತ್ತು ಕೆಳಗಿನ ಷರಾಗಳನ್ನು ಓದಿ. ತಪ್ಪಿದ್ದರೆ ವಿಮಾನ ಹತ್ತುವ ಮೊದಲೇ ಸರಿಪಡಿಸಿಕೊಳ್ಳಬೇಕು. ಬಾಡಿಗೆ ಮನೆಗೆ ಸೇರಿದ ಎರಡು ವಾರಗಳೊಳಗೆ ಅಲ್ಲಿನ ನಗರಾಡಳಿತದಲ್ಲಿ ವಿಳಾಸ ನೋಂದಾಯಿಸುವುದು ಕಾನೂನಿನ ಪ್ರಕಾರ ಕಡ್ಡಾಯ. ಮನೆ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರವಿಲ್ಲದೆ ಈ ನೋಂದಣಿ ಆಗುವುದಿಲ್ಲವಾದ್ದರಿಂದ, ತಾತ್ಕಾಲಿಕ ವಸತಿ ಗೊತ್ತುಮಾಡುವಾಗಲೇ ಆ ಪತ್ರ ಕೊಡುತ್ತಾರೆಯೇ ಎಂದು ಕೇಳಿಕೊಳ್ಳಬೇಕು.

ಡಿ ವೀಸಾ ಪ್ರವೇಶಕ್ಕೆ ಮತ್ತು ಮೊದಲ ಕೆಲವು ತಿಂಗಳಿಗೆ ಮಾತ್ರ. ಅದರ ಅವಧಿ ಮುಗಿಯುವ ಮುನ್ನ ವಿದೇಶಿಯರ ಕಚೇರಿಯಲ್ಲಿ ಬ್ಲೂ ಕಾರ್ಡ್‌ಗೆ ಅರ್ಜಿ ಹಾಕಬೇಕು. ದೊಡ್ಡ ನಗರಗಳಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ತಡವಾಗುವುದರಿಂದ ವಿಳಾಸ ನೋಂದಣಿಯಾದ ಕೂಡಲೇ ಇದಕ್ಕೆ ಕೈಹಾಕುವುದು ಕ್ಷೇಮ. ವೀಸಾ ಮುಗಿಯುವುದರೊಳಗೆ ಅರ್ಜಿ ಸಲ್ಲಿಸಿದವರಿಗೆ, ತೀರ್ಮಾನ ಬರುವವರೆಗೂ ಅಲ್ಲಿ ವಾಸಿಸುವ ಹಕ್ಕು ಮುಂದುವರಿಯುತ್ತದೆ. ಅದನ್ನು ದೃಢಪಡಿಸುವ ತಾತ್ಕಾಲಿಕ ಪತ್ರವನ್ನು ಕಚೇರಿಯಿಂದ ಕೇಳಿ ಪಡೆದು, ಕಂಪನಿಗೂ ಒಂದು ಪ್ರತಿ ಕೊಟ್ಟಿರಬೇಕು.