ಮೊದಲ ಕೌದಿ ಕೂಸಿನದ್ದೇ ಇರಲಿ

ಕೌದಿ ಅಂದರೆ ಹಳೆಯ ಬಟ್ಟೆಯ ಪದರಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ ಕೈಯಲ್ಲಿ ಹೊಲಿದ ಹೊದಿಕೆ. ಅದನ್ನು ಹೊಲಿಯೋದು ಕಲಿಯಬೇಕು ಅಂತ ಬಂದವರಿಗೆ ನಾನು ಮೊದಲು ಹೇಳುವ ಮಾತು ಇದು: ದೊಡ್ಡದಕ್ಕೆ ಕೈ ಹಾಕಬೇಡಿ. ಮಂಚದಗಲದ ಕೌದಿ ಶುರು ಮಾಡಿ, ಅರ್ಧಕ್ಕೇ ಸಾಕಾಗಿ, ಸುತ್ತಿ ಅಟ್ಟಕ್ಕೆ ಹಾಕಿದವರನ್ನು ಬೇಕಾದಷ್ಟು ಕಂಡಿದ್ದೇನೆ. ಮೊದಲು ಒಂದು ಕೂಸಿನ ಕೌದಿ ಹೊಲಿಯಿರಿ. 3 ಅಡಿ ಉದ್ದ, ಎರಡೂವರೆ ಅಡಿ ಅಗಲ ಸಾಕು. ತೊಡೆಯ ಮೇಲೆ ಹರವಿಕೊಂಡು ಹೊಲಿಯಬಹುದು, ನಡುಮಧ್ಯಕ್ಕೂ ಕೈ ಎಟುಕುತ್ತದೆ. ಒಂದು ಸಲ ಮುಗಿಸಿ ಕೈಯಲ್ಲಿ ಹಿಡಿದರೆ ದೊಡ್ಡದು ಹೊಲಿಯುವ ಧೈರ್ಯ ತಾನಾಗೇ ಬರುತ್ತದೆ.

ಧಾರವಾಡ, ಬೆಳಗಾವಿ, ಬಾಗಲಕೋಟೆ, ವಿಜಯಪುರ, ಈ ಕಡೆಯ ಮನೆಗಳಲ್ಲಿ ಕೌದಿಗೆ ಹೊಸ ಬಟ್ಟೆ ಕೊಂಡು ತರುವ ರೂಢಿಯೇ ಇರಲಿಲ್ಲ. ಅದು ಬರೀ ಉಳಿತಾಯದ ಮಾತಲ್ಲ. ಉಟ್ಟು ಒಗೆದು ಹಳೆಯದಾದ ನೂಲಿನ ಸೀರೆಯಲ್ಲಿ ಗಂಜಿ ಹೋಗಿರುತ್ತದೆ, ಬಿಡುವ ಬಣ್ಣ ಬಿಟ್ಟಿರುತ್ತದೆ, ಕುಗ್ಗುವಷ್ಟು ಕುಗ್ಗಿರುತ್ತದೆ. ಮೈಗೆ ಮೆತ್ತಗಿರುತ್ತದೆ, ಸೂಜಿಯೂ ಸಲೀಸಾಗಿ ಇಳಿಯುತ್ತದೆ. ಹೊಸ ಬಟ್ಟೆಯನ್ನೇ ಹಾಕುವ ಆಸೆ ಇದ್ದರೆ ಎರಡು ಮೂರು ಸಲ ಒಗೆದು ಒಣಗಿಸಿ, ಆಮೇಲೆ ಕತ್ತರಿ ಹಾಕಿ. ಇಲ್ಲವಾದರೆ ಮೊದಲ ಒಗೆತಕ್ಕೇ ಒಂದು ತುಂಡು ಕುಗ್ಗಿ, ಪಕ್ಕದ್ದನ್ನು ಎಳೆದು, ಕೌದಿಯೆಲ್ಲ ಸುಕ್ಕಾಗುತ್ತದೆ.

ಹಳೆಯದು ಅಂದ ಮಾತ್ರಕ್ಕೆ ಜೀರ್ಣವಾದ ಬಟ್ಟೆ ಅಲ್ಲ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ನೂಲು ಸವೆದು ಜಾಳಾಗಿದ್ದರೆ ಗೊತ್ತಾಗುತ್ತದೆ. ಎರಡೂ ಕೈಯಿಂದ ಹಿಡಿದು ಒಮ್ಮೆ ಜಗ್ಗಿ. ಚರ್ ಅಂತ ಹರಿದರೆ ಅದು ನೆಲ ಒರೆಸಲು ಹೋಗಲಿ. ಕೂರುವ ಜಾಗ, ನೆರಿಗೆಯ ಜಾಗ ಬೇಗ ಸವೆಯುತ್ತವೆ. ಅಂಚಿನ ಪಕ್ಕದ ಬಟ್ಟೆ ಬಹಳ ಕಾಲ ಗಟ್ಟಿಯಾಗಿರುತ್ತದೆ. ಕೆಂಪು, ಕಪ್ಪು, ನೀಲಿ ಬಟ್ಟೆಗಳನ್ನು ಒದ್ದೆ ಮಾಡಿ ಬಿಳಿ ಬಟ್ಟೆಗೆ ತಿಕ್ಕಿ ನೋಡಿ. ಬಣ್ಣ ಹತ್ತಿದರೆ ಇನ್ನೂ ಒಗೆಯಬೇಕು ಅಂತ ಅರ್ಥ.

ಇಳಕಲ್ ಸೀರೆ ಕತ್ತರಿಸುವಾಗ ಸ್ವಲ್ಪ ಎಚ್ಚರ. ಅದರ ಮೈ ನೂಲಿನದ್ದಾದರೂ ಸೆರಗು ರೇಷ್ಮೆಯದ್ದು. ಸೆರಗಿನ ತುಂಡನ್ನು ನೂಲಿನ ತುಂಡಿನ ಪಕ್ಕ ಇಟ್ಟು ಹೊಲಿದರೆ ಜಾರುತ್ತದೆ, ಬೇಗ ಹಿಂಜುತ್ತದೆ. ಮೈಬಟ್ಟೆಯನ್ನು ಕೌದಿಗೆ ಬಳಸಿ, ಸೆರಗನ್ನು ದಿಂಬಿಗೋ ಚೀಲಕ್ಕೋ ಎತ್ತಿಡಿ. ಗುಳೇದಗುಡ್ಡದ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಚೂರು ಅಲ್ಲಲ್ಲಿ ಹಾಕಿದರೆ ಚಂದವೇ. ಆದರೆ ಕೂಸಿನ ಕೌದಿಗೆ ಜರಿ ಬೇಡ, ಎಳೆ ಚರ್ಮಕ್ಕೆ ತರಚುತ್ತದೆ. ನೈಲಾನ್, ಪಾಲಿಸ್ಟರ್ ಬೇಡವೇ ಬೇಡ. ಅವು ಬೆವರು ಹೀರುವುದಿಲ್ಲ. ಜೀನ್ಸ್ ತುಂಡಿಗೆ ಸೂಜಿ ಇಳಿಸುವಷ್ಟರಲ್ಲಿ ಬೆರಳು ನೊಂದಿರುತ್ತದೆ.

ನೋಡುವವರು ಮೇಲಿನ ಬಣ್ಣದ ತುಂಡುಗಳನ್ನು ಹೊಗಳುತ್ತಾರೆ. ಕೌದಿ ಬಾಳಿಕೆ ಬರೋದು ಮಾತ್ರ ಒಳಗಿನ ಪದರಗಳಿಂದ. ಕಣ್ಣಿಗೆ ಬೀಳಲ್ಲ ಅಂತ ಒಳಗೆ ಚಿಂದಿ ತುರುಕಬೇಡಿ. ಒಗೆದಾಗ ಅದು ಒಂದು ಕಡೆ ಸೇರಿ ಗಂಟಾಗುತ್ತದೆ. ಒಳಪದರ ಆದಷ್ಟು ಇಡೀ ತುಂಡೇ ಆಗಿರಲಿ. ಕೂಸಿನ ಕೌದಿಗೆ ಒಳಗೆ 3 ಪದರ ಸಾಕು, ಚಳಿ ಜಾಸ್ತಿ ಇರುವ ಊರಾದರೆ 4. ಅದಕ್ಕಿಂತ ಹೆಚ್ಚಾದರೆ ಹೊಲಿಗೆ ಕಷ್ಟ, ಒಗೆಯುವುದು ಇನ್ನೂ ಕಷ್ಟ, ಒಣಗುವುದಂತೂ ಕೇಳಲೇಬೇಡಿ. ಒಂದು ಹಳೆಯ ನೂಲಿನ ಸೀರೆ ಗಟ್ಟಿಯಾಗಿದ್ದರೆ ಅದರಲ್ಲೇ ಅಡಿಬಟ್ಟೆಯೂ ಒಳಗಿನ ಪದರಗಳೂ ಸಿಗುತ್ತವೆ. ಒಳಪದರಕ್ಕೆ ಹಳೆಯ ಧೋತರ ಸಿಕ್ಕರೆ ಇನ್ನೂ ಒಳ್ಳೆಯದು.

ಈಗ ಮೇಲಿನ ತುಂಡುಗಳು. ಒಂದು ದಪ್ಪ ರಟ್ಟಿನಲ್ಲಿ 7 ಇಂಚಿನ ಚೌಕ ಕತ್ತರಿಸಿಕೊಳ್ಳಿ, ಮದುವೆ ಕಾಗದದ ರಟ್ಟಾದರೂ ಆದೀತು. ಅದನ್ನೇ ಅಳತೆಯಾಗಿಟ್ಟು ಎಲ್ಲ ತುಂಡನ್ನೂ ಕತ್ತರಿಸಿ. ಒಂದು ತುಂಡನ್ನು ನೋಡಿ ಇನ್ನೊಂದು, ಅದನ್ನು ನೋಡಿ ಮತ್ತೊಂದು ಅಂತ ಹೋದರೆ ಕೊನೆಯ ತುಂಡು ಬೇರೆಯೇ ಅಳತೆಗೆ ಬಂದಿರುತ್ತದೆ. ಸುತ್ತಲೂ ಅರ್ಧ ಇಂಚು ಹೊಲಿಗೆಗೆ ಹೋದರೆ 6 ಇಂಚು ಉಳಿಯುತ್ತದೆ. ಸಾಲಿಗೆ 5 ತುಂಡು, ಅಂಥ 6 ಸಾಲು, ಒಟ್ಟು 30. ಹೊಲಿಯುವ ಮೊದಲು ಎಲ್ಲವನ್ನೂ ನೆಲದ ಮೇಲೆ ಜೋಡಿಸಿ, ಎದ್ದು ನಿಂತು ನೋಡಿ. ಗಾಢ ಬಣ್ಣದ ಪಕ್ಕ ತಿಳಿ ಬಣ್ಣ ಬಂದರೆ ಎರಡೂ ಎದ್ದು ಕಾಣುತ್ತವೆ. ಹೂವಿನ ಬಟ್ಟೆಗಳೆಲ್ಲ ಒಂದೇ ಕಡೆ ಗುಂಪಾದರೆ ಕಣ್ಣಿಗೆ ಗಜಿಬಿಜಿ.

ಮೊದಲು ಒಂದೊಂದೇ ಸಾಲು ಹೊಲಿದು ಮುಗಿಸಿ, ಆಮೇಲೆ ಸಾಲಿಗೆ ಸಾಲು ಕೂಡಿಸಿ. ಮನೆಯಲ್ಲಿ ಮಶೀನ್ ಇದ್ದರೆ ಇಷ್ಟು ಕೆಲಸ ಅದರಲ್ಲೇ ಮಾಡಿ, ತಪ್ಪೇನಿಲ್ಲ. ಸಾಲುಗಳನ್ನು ಕೂಡಿಸುವ ಮೊದಲು, ಹೊಲಿಗೆಯ ಹಿಂದೆ ಉಳಿದ ಅರ್ಧ ಇಂಚಿನ ಅಂಚನ್ನು ಒಂದು ಸಾಲಿನಲ್ಲಿ ಎಡಕ್ಕೆ, ಮುಂದಿನ ಸಾಲಿನಲ್ಲಿ ಬಲಕ್ಕೆ ಇಸ್ತ್ರಿ ಮಾಡಿ. ಹೀಗೆ ಮಾಡಿದರೆ ನಾಲ್ಕು ತುಂಡು ಸೇರುವ ಮೂಲೆ ದಪ್ಪವಾಗುವುದಿಲ್ಲ.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಹೊಲಿಯುವ ಕೌದಿಯನ್ನು ಅವಕಾಶ ಸಿಕ್ಕರೆ ನೋಡಲೇಬೇಕು. ಅವರು ಹೀಗೆ ಚೌಕಗಳನ್ನು ಮೊದಲೇ ಕೂಡಿಸಿಕೊಳ್ಳುವುದಿಲ್ಲ. ಅಡಿಬಟ್ಟೆಯ ಒಂದು ಮೂಲೆಯಿಂದ ಶುರು ಮಾಡಿ, ಕೈಗೆ ಸಿಕ್ಕ ತುಂಡಿನ ಅಂಚು ಮಡಚಿಕೊಂಡು ಇಡುತ್ತಾ, ಹೊಲಿಯುತ್ತಾ, ಸುತ್ತು ಹಾಕಿಕೊಂಡು ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಹೂವಿನಂಥ ತುದಿ ಕೂರಿಸುತ್ತಾರೆ. ಅಳತೆಪಟ್ಟಿ ಇಲ್ಲದೆ ಅಷ್ಟು ಚೊಕ್ಕವಾಗಿ ಬರುವುದು ಕಣ್ಣು ಮತ್ತು ಕೈ ಪಳಗಿರುವುದರಿಂದ. ಹೊಸಬರಿಗೆ ಚೌಕವೇ ಸುಲಭ.

ಕೌದಿ ಕೆಡುವುದು ಹಾಸುವಾಗ, ಹೊಲಿಯುವಾಗ ಅಲ್ಲ. ಇಲ್ಲಿ ಅವಸರ ಮಾಡಬೇಡಿ. ನೆಲ ಒರೆಸಿ, ಅಡಿಬಟ್ಟೆಯನ್ನು ಒಳಮಗ್ಗಲು ಮೇಲೆ ಬರುವಂತೆ ಹಾಸಿ. ಅದು ಮೇಲಿನ ಚೌಕದ ಬಟ್ಟೆಗಿಂತ ಎಲ್ಲ ಬದಿಗೂ 2 ಇಂಚು ದೊಡ್ಡದಿರಲಿ. ಅದರ ಮೇಲೆ ಒಳಪದರಗಳನ್ನು ಒಂದೊಂದಾಗಿ ಹರವಿ. ಪ್ರತಿ ಪದರವನ್ನೂ ನಡುವಿನಿಂದ ಅಂಚಿನ ಕಡೆಗೆ ಅಂಗೈಯಿಂದ ಸವರಿ. ಎಳೆಯಬೇಡಿ, ಬರೀ ಸವರಿ. ಎಳೆದ ಬಟ್ಟೆ ಆಮೇಲೆ ವಾಪಸ್ ಕುಗ್ಗಿ ನೆರಿಗೆ ಬೀಳುತ್ತದೆ. ಕೊನೆಗೆ ಚೌಕದ ಬಟ್ಟೆ. ನಾಲ್ಕು ಮೂಲೆಗೂ ಅಕ್ಕಿ ಡಬ್ಬಿಯೋ ಒರಳಿನ ಗುಂಡೋ ಭಾರ ಇಡಿ.

ಈಗ ಕಚ್ಚಾ ಹೊಲಿಗೆ. ಎದ್ದು ಕಾಣುವ ಬೇರೆ ಬಣ್ಣದ ದಾರ ತಗೊಂಡು, ನಡುವಿನಿಂದ ನಾಲ್ಕೂ ದಿಕ್ಕಿಗೆ, ಆಮೇಲೆ ಮೂಲೆಗಳಿಗೆ, ಉದ್ದುದ್ದ ಹೊಲಿಗೆ ಹಾಕಿ. ಎಲ್ಲ ಪದರವೂ ಸೂಜಿಗೆ ಸಿಗಬೇಕು. ಇಷ್ಟು ಮಾಡಿಕೊಂಡರೆ ಪದರ ಅಲುಗಾಡುವುದಿಲ್ಲ, ನಡುವೆ ಬಟ್ಟೆ ಉಬ್ಬುವುದಿಲ್ಲ. ಪಳಗಿದ ಹೆಂಗಸರು ಇದಿಲ್ಲದೆಯೂ ಹೊಲಿಯುತ್ತಾರೆ. ನೀವು ಬಿಡಬೇಡಿ.

ಅಂಚನ್ನು ಮೊದಲು ಮುಗಿಸಿ. ಉಳಿದ ಅಡಿಬಟ್ಟೆಯನ್ನು ಒಂದು ಇಂಚು ಒಳಕ್ಕೆ ಮಡಚಿ, ಇನ್ನೊಂದು ಸಲ ಮಡಚಿ ಮೇಲಿನ ಬಟ್ಟೆಯ ಮೇಲೆ ತಂದು ಹೊಲಿಯಿರಿ. ಆಗ ಪಟ್ಟಿ ಕಟ್ಟಿದ ಹಾಗೆ ಕಾಣುತ್ತದೆ, ಯಾವ ನೂಲೂ ಹೊರಗೆ ಇಣುಕುವುದಿಲ್ಲ. ಆಮೇಲೆ ಅಂಚಿನಿಂದ ಒಂದು ಬೆರಳಗಲ ಬಿಟ್ಟು ಸುತ್ತ ಹೊಲಿಗೆ ಹಾಕಿ. ಒಂದು ಸುತ್ತು ಮುಗಿದ ಮೇಲೆ ಮತ್ತೆ ಬೆರಳಗಲ ಒಳಗೆ ಇನ್ನೊಂದು ಸುತ್ತು. ಹೀಗೆ ನಡುವಿನವರೆಗೆ. ಹೊಲಿಗೆ ಜೋಳದ ಕಾಳಿನಷ್ಟು ಉದ್ದ ಇದ್ದರೆ ಸರಿ. ಕೂಸಿನ ಕಾಲ್ಬೆರಳು ಸಿಕ್ಕಿಕೊಳ್ಳುವಷ್ಟು ಉದ್ದ ಇರಬಾರದು. ಮೊದಮೊದಲು ಸಾಲು ಸೊಟ್ಟಗೆ ಹೋದರೆ ಬಿಚ್ಚಬೇಡಿ. ಮುಂದಿನ ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ ಸರಿಮಾಡಿಕೊಳ್ಳಿ.

ದಾರ ದಪ್ಪ ನೂಲಿನದ್ದಿರಲಿ. ಮಶೀನಿನ ತೆಳು ದಾರವೇ ಇದ್ದರೆ ಎರಡೆಳೆ ಮಾಡಿ. ಮೇಣದಬತ್ತಿಯ ಮೇಲೆ ಒಮ್ಮೆ ಎಳೆದುಕೊಂಡರೆ ಗಂಟು ಬೀಳುವುದು ಕಡಿಮೆ. ಒಂದೂವರೆ ಮೊಳಕ್ಕಿಂತ ಉದ್ದ ತಗೋಬೇಡಿ. ಪದೇ ಪದೇ ಸೂಜಿಗೆ ಪೋಣಿಸುವ ಬೇಸರಕ್ಕೆ ಉದ್ದ ದಾರ ತಗೊಂಡರೆ ಸಿಕ್ಕು ಬಿಡಿಸುವುದರಲ್ಲೇ ಹೊತ್ತು ಹೋಗುತ್ತದೆ. ದಬ್ಬಣ ಬೇಡ, ತೂತು ಹಾಗೇ ಉಳಿಯುತ್ತದೆ. ದಾರ ಹೋಗುವಷ್ಟು ಕಣ್ಣಿರುವ ಗಟ್ಟಿ ಸೂಜಿ ಸಾಕು. ನಡುಬೆರಳಿಗೆ ಲೋಹದ ಟೋಪಿ ಹಾಕಿಕೊಳ್ಳಿ. ಗಂಟನ್ನು ಮೇಲೆ ಬಿಡದೆ ಪದರದೊಳಗೆ ಎಳೆದುಕೊಳ್ಳಿ. ಕೂರುವಾಗ ಬೆನ್ನಿಗೆ ಗೋಡೆ ಇರಲಿ, ಬೆಳಕು ಎಡಗಡೆಯಿಂದ ಬರಲಿ. ಎಡಗೈಯಲ್ಲಿ ಹೊಲಿಯುವವರಿಗೆ ಬಲಗಡೆಯಿಂದ. ಏಳುವಾಗ ಸೂಜಿಗಳನ್ನು ಎಣಿಸಿ ಡಬ್ಬಿಗೆ ಹಾಕಿ. ಕೂಸಿಗೆ ಕೊಡುವ ಮೊದಲು ಕೌದಿಯನ್ನು ಪೂರ್ತಿ ಅಂಗೈಯಿಂದ ಒತ್ತಿ ನೋಡಲೇಬೇಕು.

ಕಚ್ಚಾ ಹೊಲಿಗೆ ಬಿಚ್ಚಿ, ಒಮ್ಮೆ ಒಗೆದು, ಬಿಸಿಲಿಗೆ ಹಾಕಿ. ಹಿಂಡುವಾಗ ತಿರುಚಬೇಡಿ, ಮಡಚಿ ಒತ್ತಿ ನೀರು ತೆಗೆಯಿರಿ. ತೆಗೆದಿಡುವಾಗ ಡಾಂಬರು ಗುಳಿಗೆ ಹಾಕಬೇಡಿ. ಅದರ ಆವಿ ಕೆಲವು ಎಳೆಕೂಸುಗಳ ರಕ್ತಕ್ಕೇ ತೊಂದರೆ ಮಾಡುತ್ತದೆ. ಒಣಗಿದ ಬೇವಿನೆಲೆಯನ್ನು ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಡಿ. ಹೊದಿಸುವುದಕ್ಕಿಂತ ಕೂಸನ್ನು ಆಡಲು ಮಲಗಿಸಲಿಕ್ಕೆ, ತೊಡೆಯ ಮೇಲೆ ಹಾಕಿಕೊಳ್ಳಲಿಕ್ಕೆ ಇದು ಹೇಳಿ ಮಾಡಿಸಿದ್ದು. ಮಲಗಿದ ಎಳೆಕೂಸಿನ ಮುಖದ ಹತ್ತಿರ ಯಾವ ಬಟ್ಟೆಯೂ ಬೇಡ.

ಮೇಲೆ ಎಲ್ಲಾದರೂ ಹರಿದರೆ ಕೂಡಲೇ ಒಂದು ತುಂಡು ಇಟ್ಟು ಹೊಲಿದುಬಿಡಿ, ಒಳಪದರಕ್ಕೆ ಧಕ್ಕೆ ಆಗುವ ಮೊದಲೇ. ಮೇಲ್ಬಟ್ಟೆ ಪೂರ್ತಿ ಸವೆದುಹೋದರೂ ಬಿಸಾಡಬೇಡಿ. ಇಡೀ ಕೌದಿಯನ್ನೇ ಒಳಪದರ ಮಾಡಿ, ಅದರ ಮೇಲೊಂದು ಕೆಳಗೊಂದು ಹೊಸ ಬಟ್ಟೆ ಹಾಕಿ ಹೊಲಿಯಬಹುದು. ಆಗ ಒಳಗೆ ಬೇರೆ ಪದರ ಏನೂ ಬೇಕಾಗುವುದಿಲ್ಲ.