ರಾಬಿನ್ ಹುಡ್ಸ್ ಬೇಯಲ್ಲಿ ಬಿ ಅಂಡ್ ಬಿ: ಮೊದಲು ಉಬ್ಬರ ಇಳಿತ, ಆಮೇಲೆ ರೂಮು

ಇಂಗ್ಲೆಂಡಿನ ಯಾರ್ಕ್‌ಶೈರ್ ಕರಾವಳಿಯಲ್ಲಿ, ವಿಟ್ಬಿಗೂ ಸ್ಕಾರ್‌ಬರೋಗೂ ನಡುವೆ, ರಾಬಿನ್ ಹುಡ್ಸ್ ಬೇ ಅಂತ ಹಳೇ ಮೀನುಗಾರರ ಹಳ್ಳಿ ಇದೆ. ಅಲ್ಲಿಗೆ ಹೋಗುವುದು ಅಂತಾದ ಮೇಲೆ ನಾನು ಬಿ ಅಂಡ್ ಬಿಯಲ್ಲಿ (ಬೆಡ್ ಅಂಡ್ ಬ್ರೇಕ್‌ಫಾಸ್ಟ್, ಅಂದರೆ ಮನೆಯವರೇ ರೂಮೂ ಬೆಳಗಿನ ತಿಂಡಿಯೂ ಕೊಡುವ ಕಡೆ) ರೂಮು ಹುಡುಕುವ ಮೊದಲು ವಿಟ್ಬಿಯ ಉಬ್ಬರ ಇಳಿತದ ವೇಳಾಪಟ್ಟಿ ತೆಗೆದು ಕೂತೆ. ಯಾಕೆಂದರೆ ಅಲ್ಲಿ ಬೀಚು ಇಡೀ ದಿನ ಸಿಗುವುದಿಲ್ಲ. ಉಬ್ಬರ ಬಂದಾಗ ನೀರು ಊರಿನ ಗೋಡೆಗೇ ಬಂದು ಬಡಿಯುತ್ತದೆ. ಇಳಿದಾಗ ಕಲ್ಲಿನ ಉದ್ದುದ್ದ ಪಟ್ಟೆಗಳು ಬಾಗಿಕೊಂಡು ದೂರದವರೆಗೆ ಕಾಣುತ್ತವೆ. ನೋಡಬೇಕಾದ್ದೆಲ್ಲ ಇರುವುದು ಆ ಪಟ್ಟೆಗಳ ಮೇಲೇ.

ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತಿರುತ್ತದೆ. ಬಿ ಅಂಡ್ ಬಿ ತಿಂಡಿಗೋ ಗಟ್ಟಿ ಸಮಯ, ಬಹಳ ಕಡೆ ಎಂಟೂವರೆಯಿಂದ ಒಂಬತ್ತೂವರೆ. ಹಾಗಾಗಿ ನೀರು ಹನ್ನೊಂದರ ಸುಮಾರಿಗೆ ಪೂರ್ತಿ ಇಳಿಯುವ ದಿನಗಳನ್ನು ನೋಡಿಕೊಂಡೆ. ಹುಣ್ಣಿಮೆ ಅಮಾವಾಸ್ಯೆ ಹತ್ತಿರವಿದ್ದರೆ ಇನ್ನೂ ಒಳ್ಳೆಯದು, ನೀರು ಜಾಸ್ತಿ ದೂರ ಹೋಗುತ್ತದೆ. ತಿಂಡಿ ಮುಗಿಸಿ, ಬೂಟು ಕಟ್ಟಿಕೊಂಡು ಕೆಳಗಿಳಿದರೆ ಸಮುದ್ರ ದಾರಿ ಬಿಟ್ಟುಕೊಟ್ಟಿರುತ್ತದೆ.

ಊರು ಎರಡು ಭಾಗ. ಮೇಲೆ ದೊಡ್ಡ ದೊಡ್ಡ ವಿಕ್ಟೋರಿಯನ್ ಮನೆಗಳು, 1885ರಲ್ಲಿ ರೈಲು ಬಂದ ಮೇಲೆ ಬೆಳೆದ ಭಾಗ. ಆ ರೈಲು 1965ರಲ್ಲಿ ನಿಂತೇ ಹೋಯಿತು, ಈಗ ಆ ದಾರಿಯಲ್ಲಿ ಜನ ನಡೆಯುತ್ತಾರೆ, ಸೈಕಲ್ ಹೊಡೆಯುತ್ತಾರೆ. ಕೆಳಗೆ ಹಳೇ ಊರು. ಒಂದರ ಹೆಗಲ ಮೇಲೆ ಇನ್ನೊಂದು ಕೂತಂತಿರುವ ಪುಟ್ಟ ಮನೆಗಳು, ಕಡಿದಾದ ಬೀದಿ, ಮೆಟ್ಟಿಲು, ಸಂದಿ. ಪ್ರವಾಸಿಗರು ಕಾರನ್ನು ಮೇಲೇ ನಿಲ್ಲಿಸಿ ಇಳಿಯಬೇಕು. ನಾನು ಕೆಳಗೇ ಇರಬೇಕು ಅಂತ ಹಟ ಹಿಡಿದೆ. ಅದಕ್ಕಾಗಿ ಸೂಟ್‌ಕೇಸ್ ಬಿಟ್ಟು ಬೆನ್ನಿಗೆ ಹಾಕುವ ಬ್ಯಾಗಿನಲ್ಲೇ ಎಲ್ಲ ತುಂಬಿಕೊಂಡೆ. ಆ ಕಲ್ಲುಹಾಸಿನ ಮೇಲೆ ಚಕ್ರ ಉರುಳುವುದಿಲ್ಲ, ಬರೀ ಕುಣಿಯುತ್ತದೆ. ಮಂಡಿ ನೋವಿದ್ದವರು ಸುಮ್ನೆ ಮೇಲಿನ ಮನೆಗಳನ್ನೇ ನೋಡಿ. ಒಂದು ಸಲ ಇಳಿದರೆ ಬಸ್ಸಿಗೆ ಮತ್ತೆ ಮೇಲಕ್ಕೆ ಹತ್ತಲೇಬೇಕು.

ಬುಕಿಂಗ್ ನೇರವಾಗಿ ಮನೆಯವರಿಗೇ ಇಮೇಲ್ ಮಾಡಿ ಮಾಡಿದೆ. ನಡುವಿನ ವೆಬ್‌ಸೈಟಿನ ಕಮಿಷನ್ ಇಲ್ಲದ್ದಕ್ಕೆ ಬಾಡಿಗೆ ಸ್ವಲ್ಪ ಇಳಿಯಿತು. ಅದಕ್ಕಿಂತ ಮುಖ್ಯವಾಗಿ, ಕೇಳಬೇಕಾದ್ದನ್ನೆಲ್ಲ ಮೊದಲೇ ಕೇಳುವುದಕ್ಕೆ ಆಯಿತು. ಬಾತ್‌ರೂಮು ರೂಮಿನೊಳಗೇ ಇದೆಯಾ, ಹೊರಗಿದ್ದರೂ ನಮಗೊಬ್ಬರಿಗೇನಾ, ಅಥವಾ ಎಲ್ಲರಿಗೂ ಒಂದಾ? ಮೂರೂ ಬೇರೆ ಬೇರೆ. ರೂಮು ಎಷ್ಟನೇ ಮಹಡಿ? ವಾರಾಂತ್ಯದಲ್ಲಿ ಒಂದೇ ರಾತ್ರಿಗೆ ಕೊಡುತ್ತೀರಾ? ಬಹಳ ಜನ ಕೊಡುವುದಿಲ್ಲ. ಈ ಮನೆಗಳಲ್ಲಿ ಇರುವುದೇ ಎರಡು ಮೂರು ರೂಮು. ಇಂಗ್ಲೆಂಡಿನಲ್ಲಿ ಮನೆಯವರು ಅಲ್ಲೇ ವಾಸವಿದ್ದು, ಒಂದು ಹೊತ್ತಿಗೆ ಆರಕ್ಕಿಂತ ಹೆಚ್ಚು ಅತಿಥಿಗಳನ್ನು ಇಟ್ಟುಕೊಳ್ಳದಿದ್ದರೆ ಸಾಮಾನ್ಯವಾಗಿ ವ್ಯಾಪಾರದ ಕಟ್ಟಡದ ತೆರಿಗೆ ಬೀಳುವುದಿಲ್ಲ. ಅದಕ್ಕೇ ಬಹಳ ಮಂದಿ ಅಷ್ಟಕ್ಕೇ ನಿಲ್ಲಿಸುತ್ತಾರೆ. ನಮಗೂ ಅದು ಒಳ್ಳೆಯದೇ ಅಲ್ವಾ?

ತಿಂಡಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ವೆಜಿಟೇರಿಯನ್ ಅಂದರೆ ಮೊಟ್ಟೆ ಇದ್ದೇ ಇರುತ್ತದೆ. ನಮ್ಮವರು ಬರೀ ಆ ಪದ ಬರೆದು ಬಿಟ್ಟರೆ ಸಾಲದು. ‘ಮಾಂಸ, ಮೀನು, ಮೊಟ್ಟೆ ಬೇಡ, ಹಾಲು ಬೆಣ್ಣೆ ಆಗುತ್ತದೆ’ ಅಂತ ನಾನು ಬಿಡಿಸಿ ಬರೆದೆ. ಬೇಕನ್ ಕರಿದ ಬಾಣಲೆಯಲ್ಲೇ ಅಣಬೆ ಹುರಿಯುತ್ತೀರಾ ಅಂತಲೂ ಕೇಳಿದೆ. ಇದನ್ನು ಕೇಳುವುದಕ್ಕೆ ಸಂಕೋಚ ಬೇಡ. ಅಲರ್ಜಿ ತರುವ 14 ಪದಾರ್ಥಗಳಲ್ಲಿ ಯಾವುದು ಅಡುಗೆಯಲ್ಲಿದೆ ಅಂತ ತಿಳಿಸುವುದು ಅಲ್ಲಿ ಕಾನೂನು, ಹಾಗಾಗಿ ಇಂಥ ಪ್ರಶ್ನೆ ಅವರಿಗೆ ಹೊಸದಲ್ಲ. ‘ನಿಮಗೆ ಬೇರೆ ಬಾಣಲೆ ಇಡ್ತೀನಿ, ಅದರಲ್ಲೇನು’ ಅಂತ ಉತ್ತರ ಬಂತು. ಹಿಂದಿನ ಸಂಜೆ ಒಂದು ಚೀಟಿ ಕೊಟ್ಟು ಏನು ಬೇಕು, ಎಷ್ಟು ಹೊತ್ತಿಗೆ ಬೇಕು ಅಂತ ಬರೆಸಿಕೊಂಡರು.

ಬೆಳಿಗ್ಗೆ ತಟ್ಟೆಗೆ ಬಂದದ್ದು ಬೇಯಿಸಿದ ಬೀನ್ಸ್, ಸುಟ್ಟ ಟೊಮೆಟೊ, ಅಣಬೆ, ಆಲೂಗಡ್ಡೆಯ ಹ್ಯಾಶ್ ಬ್ರೌನ್. ಪಕ್ಕದಲ್ಲಿ ಟೋಸ್ಟು. ಅದನ್ನು ತಟ್ಟೆಯಲ್ಲಿ ಮಲಗಿಸುವುದಿಲ್ಲ, ಒಂದು ಪುಟ್ಟ ಲೋಹದ ಸ್ಟ್ಯಾಂಡಿನಲ್ಲಿ ಒಂದೊಂದಾಗಿ ನಿಲ್ಲಿಸಿ ತರುತ್ತಾರೆ. ಗಾಳಿಯಾಡುವುದರಿಂದ ಟೋಸ್ಟು ಮೆತ್ತಗಾಗುವುದಿಲ್ಲ, ಆದರೆ ನೋಡನೋಡುತ್ತಲೇ ತಣ್ಣಗಾಗುತ್ತದೆ. ಬೆಣ್ಣೆ ಕರಗಬೇಕು ಅಂದರೆ ಮಾತು ಆಮೇಲೆ, ಮೊದಲು ಚಾಕು ಕೈಗೆ ತೆಗೆದುಕೊಳ್ಳಬೇಕು. ಹೊಟ್ಟೆ ಮಾತ್ರ ಗಟ್ಟಿ ತುಂಬುತ್ತದೆ. ಮಧ್ಯಾಹ್ನದ ಊಟದ ಖರ್ಚು ಉಳಿಯಿತು.

ಅದೇ ಊಟದ ಕೋಣೆಯಲ್ಲಿ ಕಾಲಿಗೆ ಬ್ಯಾಂಡ್-ಏಡ್ ಅಂಟಿಸಿಕೊಂಡ ನಡಿಗೆಗಾರರೂ ಇದ್ದರು. ಪಶ್ಚಿಮದ ಸೇಂಟ್ ಬೀಸ್‌ನಿಂದ ಸುಮಾರು 300 ಕಿ.ಮೀ. ನಡೆದು ಬರುವ ‘ಕೋಸ್ಟ್ ಟು ಕೋಸ್ಟ್’ ದಾರಿ ಮುಗಿಯುವುದು ಇದೇ ಊರಿನಲ್ಲಿ. ಆ ಕಡಲಿನ ಒಂದು ಪುಟ್ಟ ಕಲ್ಲು ಜೇಬಿನಲ್ಲಿಟ್ಟುಕೊಂಡು ಬಂದು ಇಲ್ಲಿಯ ಕಡಲಿಗೆ ಹಾಕುವುದು ಅವರ ಪದ್ಧತಿ. ಬೇಸಿಗೆಯಲ್ಲಿ ರೂಮು ಬೇಗ ತುಂಬುವುದಕ್ಕೆ ಇವರೂ ಒಂದು ಕಾರಣ, ಹಾಗಾಗಿ ತಿಂಗಳುಗಟ್ಟಲೆ ಮೊದಲೇ ಹಿಡಿದಿಡಿ.

ಮನೆಯೊಡತಿ ಟೀ ಸುರಿಯುತ್ತಾ 1881ರ ಜನವರಿಯ ಕಥೆ ಹೇಳಿದರು. ಹಡಗೊಂದು ಇಲ್ಲಿ ಬಿರುಗಾಳಿಗೆ ಸಿಕ್ಕಿತು. ಸಮುದ್ರದ ಮೇಲೆ ಬರಲಾಗದೆ ವಿಟ್ಬಿಯ ರಕ್ಷಣಾ ದೋಣಿಯನ್ನು ಸುಮಾರು ಆರು ಮೈಲಿ ಹಿಮದ ನಡುವೆ ನೆಲದ ಮೇಲೇ ಎಳೆದು ತಂದರು, ಜನರೂ ಕುದುರೆಗಳೂ ಸೇರಿ. ಈ ಬೀದಿಯಲ್ಲೇ ಹಗ್ಗ ಕಟ್ಟಿ ದೋಣಿ ಇಳಿಸಿದರು. ಹಡಗಿನವರೆಲ್ಲ ಉಳಿದರು. ಬ್ಯಾಗು ಹೊತ್ತು ಆ ಬೀದಿ ಇಳಿದಿದ್ದರಿಂದ ಅದು ಎಂಥ ಕೆಲಸ ಅಂತ ನನಗೆ ಬೇರೆ ಹೇಳಬೇಕಾಗಿರಲಿಲ್ಲ. ಹೋಟೆಲಿನಲ್ಲಿ ಇದೆಲ್ಲ ಯಾರು ಹೇಳುತ್ತಾರೆ?

ರೂಮಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ತಗ್ಗು ತೊಲೆ, ಕಿರುಗುಟ್ಟುವ ನೆಲ, ಟೀ ಕೆಟಲ್. ಬಕೆಟ್ಟು, ಚೊಂಬು ಇರುವುದಿಲ್ಲ. ಶವರಿಗೆ ಬಿಸಿನೀರು ಬರದಿದ್ದರೆ ಗಾಬರಿ ಬೇಡ, ಚಾವಣಿಯಿಂದ ಒಂದು ದಾರ ತೂಗುತ್ತಿದೆಯಾ ನೋಡಿ. ಅದೇ ಸ್ವಿಚ್ಚು, ಎಳೆದರೆ ಸಾಕು.

ನಡೆದದ್ದು ಬಾಗಲ್ ಹೋಲ್ ಅನ್ನುವ ಪುಟ್ಟ ಕೊಲ್ಲಿಯ ಕಡೆಗೆ. ಬೀಚಿನ ಮೇಲೆ ದಕ್ಷಿಣಕ್ಕೆ ಸುಮಾರು ಒಂದೂವರೆ ಕಿ.ಮೀ. ನೀರು ಇನ್ನೂ ಇಳಿಯುತ್ತಿರುವಾಗಲೇ ಹೊರಟೆ. ನೀರು ಮತ್ತೆ ಏರತೊಡಗಿದ ಮೇಲೆ ಹೊರಟರೆ ದಡದ ಕಡಿದಾದ ಬಂಡೆಗೂ ನೀರಿಗೂ ನಡುವೆ ಸಿಕ್ಕಿಬೀಳುವ ಅಪಾಯವಿದೆ. ಕಲ್ಲಿನ ಸಂದಿಯಲ್ಲಿ ಸುರುಳಿ ಸುತ್ತಿದ ಅಮೊನೈಟ್ ಸಿಗುತ್ತದೆ, ಸುಮಾರು 19 ಕೋಟಿ ವರ್ಷ ಹಿಂದಿನ ಕಡಲಜೀವಿಯ ಪಳೆಯುಳಿಕೆ. ಸಡಿಲವಾಗಿ ಬಿದ್ದದ್ದನ್ನು ಮಾತ್ರ ಎತ್ತಿಕೊಳ್ಳಿ. ಬಂಡೆಯ ಬುಡಕ್ಕೆ ಹೋಗಬೇಡಿ, ಅದು ಕುಸಿಯುತ್ತಲೇ ಇರುತ್ತದೆ. 1780ರಲ್ಲಿ ಈ ಊರಿನ ಒಂದು ಬೀದಿಯೇ ಮನೆಗಳ ಸಮೇತ ಸಮುದ್ರ ಸೇರಿತ್ತು. ಈಗಿನ ದೊಡ್ಡ ತಡೆಗೋಡೆ ಕಟ್ಟಿದ್ದು 1975ರಲ್ಲಿ. ವಾಪಸ್ಸು ಬರುವಾಗ ನಾನು ಮೇಲಿನ ಕ್ಲೀವ್‌ಲ್ಯಾಂಡ್ ವೇ ಕಾಲುದಾರಿ ಹಿಡಿದೆ. ಮೆಟ್ಟಿಲು ಜಾಸ್ತಿ, ಆದರೆ ನೀರಿನ ಚಿಂತೆ ಇಲ್ಲ.

ಸೂರ್ಯಾಸ್ತ ನೋಡುವ ಆಸೆ ಇದ್ದರೆ ಮರೆತುಬಿಡಿ, ಇದು ಪೂರ್ವ ಕರಾವಳಿ. ಜೂನಿನಲ್ಲಿ ಸೂರ್ಯ ನಾಲ್ಕೂವರೆಗೇ ಏಳುತ್ತಾನೆ. ರಾತ್ರಿ ಊಟ ಬಿ ಅಂಡ್ ಬಿಯಲ್ಲಿ ಇಲ್ಲ, ಪಬ್‌ಗಳ ಅಡುಗೆಮನೆಯೂ ಬೇಗ ಮುಚ್ಚುತ್ತದೆ. ಏಳಕ್ಕೇ ಹೋಗಿ ಕೂತುಬಿಡಿ. ಹೊರಡುವ ದಿನ ಹತ್ತು ಗಂಟೆಗೆಲ್ಲ ರೂಮು ಬಿಡಬೇಕು. ಬ್ಯಾಗು ಮಾತ್ರ ಕೇಳಿದರೆ ಬಹಳ ಮಂದಿ ಮಧ್ಯಾಹ್ನದವರೆಗೆ ಇಟ್ಟುಕೊಳ್ಳುತ್ತಾರೆ. ಸ್ಕಾರ್‌ಬರೋಗೆ ಬಸ್ಸು ಸಿಗುವುದು ಮೇಲಿನ ಊರಿನಲ್ಲಿ, ಹತ್ತುವುದಕ್ಕೆ ಇಪ್ಪತ್ತು ನಿಮಿಷ ಕೈಯಲ್ಲಿಟ್ಟುಕೊಂಡು ಹೊರಡಿ.